ಇಡುಗಂಟು

ನಮ್ಮೂರಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಯಾವ ಕ್ಷೌರದಂಗಡಿಯವನೂ ನಿವೃತ್ತರ ಗಡ್ಡಕ್ಕೆ ಕತ್ತಿ ಹಚ್ಚುವುದಿಲ್ಲ. ಒಂದು ಕೆನ್ನೆ ಮುಗಿದು ಇನ್ನೊಂದಕ್ಕೆ ಸೋಪು ಬಳಿಯುವಷ್ಟರಲ್ಲಿ ಪಿಂಚಣಿ ಬಂದುಬಿಟ್ಟರೆ ಗಿರಾಕಿಯ ತಲೆ ಯಾವ ಕಡೆಗೆ ವಾಲುತ್ತದೋ ಹೇಳಲಾಗದು. ಮದುವೆಯ ಮುಹೂರ್ತಗಳನ್ನೂ ಬೆಳಗಿನಲ್ಲೇ ಇಡುತ್ತಾರೆ. ಮಧ್ಯಾಹ್ನಕ್ಕಿಟ್ಟರೆ ಅಕ್ಷತೆ ಹಾಕಲು ಹಿರಿಯರೇನೋ ಇರುತ್ತಾರೆ, ಎಚ್ಚರವಿರುವುದಿಲ್ಲ. ಬಸ್ಸಿನ ಕಂಡಕ್ಟರು ನಿವೃತ್ತರಿಗೆ ಟಿಕೆಟ್ ಹರಿಯುವಾಗಲೇ ಇಳಿಯುವ ಜಾಗ ಕೇಳಿಕೊಂಡು ಪಕ್ಕದ ಸೀಟಿನವನಿಗೆ ಒಪ್ಪಿಸಿಬಿಡುತ್ತಾನೆ. ಹೊರಗಿನಿಂದ ಬಂದವರು ಅಂಗಡಿಗಳ ಮುಂದಿನ ಕಲ್ಲುಬೆಂಚುಗಳ ಮೇಲೆ ಸಾಲಾಗಿ ಬಾಯಿ ತೆರೆದು ಒರಗಿದ ಮುದುಕರನ್ನು ನೋಡಿ ಊರಿಗೆ ಏನೋ ಬಂದಿದೆಯೆಂದು ಹೆದರುವುದುಂಟು. ಬೇರೇನೂ ಬಂದಿಲ್ಲ, ಪಿಂಚಣಿ ಬಂದಿದೆ.

ನೌಕರಿ ಖಾಯಮ್ಮಾದ ದಿನದಿಂದ ಖಜಾನೆಯವರು ನಮ್ಮ ನಿದ್ದೆಯಲ್ಲಿ ರಾತ್ರಿಗಿಷ್ಟು ಎಂದು ಮುರಿದುಕೊಳ್ಳುತ್ತಾರೆ, ನಿವೃತ್ತರಾದ ಮೇಲೆ ಮಧ್ಯಾಹ್ನಕ್ಕಿಷ್ಟು ಎಂದು ಹಿಂದಿರುಗಿಸುತ್ತಾರೆ. ವ್ಯವಸ್ಥೆ ಇಷ್ಟೇ. ಆದರೆ ಇಷ್ಟೇ ಎನ್ನಿಸಿದ್ದು ಇಷ್ಟೇ ಆಗಿದ್ದರೆ ಸರ್ಕಾರಕ್ಕೆ ಕೆಲಸವಿರುತ್ತಿರಲಿಲ್ಲ. ಅಧಿಕಾರಿಗಳಾಗಿ ನಿವೃತ್ತರಾದವರಿಗೆ ಬರುವ ನಿದ್ದೆ ಗಾಢವಾದದ್ದು, ಮಗ್ಗುಲು ಬದಲಿಸುವ ಅಗತ್ಯವಿಲ್ಲದ್ದು. ಕೆಳದರ್ಜೆಯವರದು ತೆಳು, ಹಾಲಿನವನು ಗೇಟು ತೆಗೆದರೆ ಮುರಿದುಹೋಗುವಂಥದು. ತುಟ್ಟಿಭತ್ಯೆ ಏರಿದಾಗ ಸಂಜೆಗೆ ಒಂದು ತೂಕಡಿಕೆ ಸೇರುತ್ತದೆ. ನೌಕರ ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿ, ಅಂದರೆ ಅರ್ಧ ನಿದ್ದೆ. ಹೀಗಾಗಿ ನಮ್ಮೂರಿನ ವಿಧವೆಯರು ಗಂಡಂದಿರ ಕನಸುಗಳನ್ನು ಅರ್ಧಕ್ಕೆ ಕಂಡು ಎದ್ದು ಕೂರುತ್ತಾರೆ. ನಮ್ಮ ಬೀದಿಯ ತೀರಿಕೊಂಡ ಪೋಸ್ಟ್‌ಮ್ಯಾನನ ಹೆಂಡತಿಗೆ ದಿನವೂ ಕೈಗೊಂದು ಲಕೋಟೆ ಬರುತ್ತದಂತೆ, ವಿಳಾಸ ಓದುವಷ್ಟರಲ್ಲಿ ಎಚ್ಚರವಾಗುತ್ತದಂತೆ.

ಈ ನಿಯಮಗಳ ಪುಸ್ತಕ ನಾನು ಕೆಲಸ ಮಾಡುವ ಗ್ರಂಥಾಲಯದಲ್ಲೇ ಇದೆ. ನಿವೃತ್ತಿ ಹತ್ತಿರವಾದವರು ಅದರ ಎದುರಿನ ಬೆಂಚಿನಲ್ಲಿ ಕುಳಿತು ಪೇಪರ್ ಓದಿ, ಪಿಂಚಣಿಯ ಬಗ್ಗೆ ತಮ್ಮತಮ್ಮಲ್ಲೇ ಚರ್ಚಿಸಿ ಹೋಗುತ್ತಾರೆ. ಪುಸ್ತಕವನ್ನು ಮನೆಗೆ ಒಯ್ದವರು ಒಬ್ಬರೇ. ಎರಡನೆಯ ಪುಟಕ್ಕೇ ತೂಕಡಿಕೆ ಬಂತೆಂದೂ, ಇದನ್ನು ಖಜಾನೆಯವರು ಯಾವ ಬಾಬ್ತಿಗೆ ಹಾಕಿಕೊಳ್ಳುತ್ತಾರೋ ಎಂಬ ಭಯವೆಂದೂ ಹೇಳಿ ಮರುದಿನವೇ ವಾಪಸು ಕೊಟ್ಟರು.

ನನ್ನ ಭಾವ ರೇವಣಸಿದ್ದಯ್ಯ ಪುರಸಭೆಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದರು. ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿ ಬೀದಿಬೀದಿಯ ವಾಲ್ವು ತಿರುಗಿಸುತ್ತ ಹೋಗುವುದು, ಮತ್ತೆ ಮುಚ್ಚುತ್ತ ಬರುವುದು. ಮಾತು ಕಡಿಮೆ. ಅವರಿಗಿದ್ದ ಒಂದೇ ಚಾಳಿಯೆಂದರೆ ಗಂಟು ಕಟ್ಟುವುದು. ಯಾವ ವಸ್ತುವನ್ನೂ ಅವರು ಸುಮ್ಮನೆ ಇಡುತ್ತಿರಲಿಲ್ಲ. ಹಳೆಯ ಪಂಚೆಯ ತುಂಡಿನಲ್ಲೋ ಹರಿದ ಟವೆಲ್ಲಿನಲ್ಲೋ ಸುತ್ತಿ ಗಂಟು ಹಾಕಿಯೇ ಇಡಬೇಕು. ಹುಣಸೆಹಣ್ಣು ಒಂದು ಗಂಟು, ಕರ್ಪೂರ ಒಂದು ಗಂಟು, ಸವೆದ ಅಂಗಿಗಳಿಂದ ಕಿತ್ತ ಗುಂಡಿಗಳದ್ದು ಒಂದು. ಅಕ್ಕ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಸಾಸಿವೆಗೆಂದು ಗಂಟು ಬಿಚ್ಚಿದರೆ ಗುಂಡಿಗಳು ಉದುರುತ್ತಿದ್ದವು. ಇಟ್ಟದ್ದನ್ನು ಬಿಚ್ಚಿ ಬಳಸಿದರೆ ಭಾವನ ಮುಖ ಸಣ್ಣದಾಗುತ್ತಿತ್ತು. ಇರಲಿ ಬಿಡು, ಇನ್ನೊಂದು ದಿನಕ್ಕೆ ಆಗ್ತಿತ್ತು ಎನ್ನುತ್ತಿದ್ದರು. ಆ ಇನ್ನೊಂದು ದಿನ ಅವರ ಮನೆಗೆ ಬಂದದ್ದನ್ನು ನಾನು ನೋಡಿಲ್ಲ.

ಅಕ್ಕ ಗಂಗಾಂಬಿಕೆಗೆ ನಿದ್ದೆಯಿರಲಿಲ್ಲ. ಮೊದಲಿಗೆ ಇತ್ತು. ಅವಳ ಅತ್ತೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ ಮೇಲೆ, ಆ ಮುದುಕಿ ರಾತ್ರಿಯಿಡೀ ಗಂಗಾ ಎಂದು ಕರೆಯುತ್ತಿದ್ದಳು. ನೀರು ಬೇಕೆಂದಲ್ಲ, ಕರೆದರೆ ಓಗೊಡುವವರು ಇದ್ದಾರೆಯೇ ಎಂದು ನೋಡಲು. ಅಕ್ಕ ಪ್ರತಿ ಸಲವೂ ಓಗೊಟ್ಟಳು. ಮುದುಕಿ ತೀರಿಕೊಂಡು ಕರೆಯುವುದು ನಿಂತರೂ ಅಕ್ಕನ ಕಿವಿ ಕಾಯುವುದನ್ನು ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ ಮಲಗುವಳು, ಅಷ್ಟೆ. ಅವಳು ನೌಕರಿಯಲ್ಲಿದ್ದವಳಲ್ಲ, ಅವಳ ನಿದ್ದೆಯನ್ನು ಯಾರೂ ಮುರಿದುಕೊಂಡಿರಲಿಲ್ಲ, ಅದು ಸುಮ್ಮನೆ ಹೋಗಿತ್ತು. ಸುಮ್ಮನೆ ಹೋದದ್ದಕ್ಕೆ ಪಿಂಚಣಿಯಿಲ್ಲ.

ನಿವೃತ್ತಿ ಹತ್ತಿರ ಬಂದಂತೆ ಭಾವನಿಗೆ ಹತ್ತಿದ ಚಿಂತೆ ಇದೊಂದೇ. ಉಪವಾಸವಿರುವವರ ಎದುರಿಗೆ ಕೂತು ದಿನವೂ ಹೋಳಿಗೆ ತಿಂದ ಹಾಗೆ ಅವಳೆದುರಿಗೆ ತಾನು ಮಧ್ಯಾಹ್ನವಾದರೆ ಗೊರಕೆ ಹೊಡೆಯಬೇಕಲ್ಲ ಎಂದು ನನ್ನ ಹತ್ತಿರ ಒಮ್ಮೆ ಹೇಳಿಕೊಂಡಿದ್ದರು. ತಾನು ಸತ್ತ ಮೇಲೂ ಅವಳಿಗೆ ಸಿಗುವುದು ಅರ್ಧ, ಅದೂ ನೀರು ಬಿಡುವವನ ತೆಳು ನಿದ್ದೆಯ ಅರ್ಧ. ಅದರಲ್ಲಿ ರೆಪ್ಪೆ ಅಂಟುವುದೂ ಅನುಮಾನ. ಮೇಲಾಗಿ ಖಾಯಮ್ಮಾಗುವ ಮೊದಲು ದಿನಗೂಲಿಯಲ್ಲಿ ದುಡಿದ ವರ್ಷಗಳನ್ನು ಖಜಾನೆ ಸೇವೆಯೆಂದೇ ಹಿಡಿಯುವುದಿಲ್ಲ. ಆ ವರ್ಷಗಳಲ್ಲೂ ಭಾವ ಅದೇ ಹೊತ್ತಿಗೆ ಎದ್ದು ಅದೇ ವಾಲ್ವುಗಳನ್ನು ತಿರುಗಿಸಿದ್ದರು. ಆದರೆ ಆಗ ಕೆಟ್ಟ ನಿದ್ದೆ ಅವರ ಸ್ವಂತ ಖರ್ಚು. ಇದನ್ನು ಅಕ್ಕ ಕೊನೆಯವರೆಗೂ ಒಪ್ಪಲಿಲ್ಲ. ಕೂಲಿಯವರು ಏನ್ ಗೂಬೆಗಳಾ, ನಿದ್ದೆ ಮಾಡ್ದೆ ಇರೋಕೆ ಎಂದು ಕೇಳುತ್ತಿದ್ದಳು.

ಭಾವ ಸಲಹೆ ಕೇಳಲು ಹೋದದ್ದು ನನ್ನ ಪುಸ್ತಕದ ಹತ್ತಿರಕ್ಕಲ್ಲ, ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಬೆಂಚಿನ ಮೇಲಿದ್ದ ಆರಾಧ್ಯರ ಹತ್ತಿರಕ್ಕೆ. ಆರಾಧ್ಯರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಪಿಂಚಣಿಯ ವಿಷಯದಲ್ಲಿ ಊರಿಗೆಲ್ಲ ಅವರದೇ ಕೊನೆಯ ಮಾತು. ತೊಂದರೆಯೆಂದರೆ ಕೊನೆಯ ಮಾತಿಗೆ ಬರುವ ಹೊತ್ತಿಗೆ ಅವರ ಪಿಂಚಣಿಯೂ ಬರುತ್ತಿತ್ತು. ಅಂದು ಭಾವ ಊಟ ಮುಗಿಸಿಯೇ ಹೋಗಿದ್ದರು. ಆರಾಧ್ಯರು ದಿನದ ನಿದ್ದೆಯೆಂದರೇನು, ಕುಟುಂಬ ಪಿಂಚಣಿಯೆಂದರೇನು, ನಾಮಿನಿ ಯಾರು ಆಗಬಹುದು, ಯಾರು ಆಗಬಾರದು ಎಲ್ಲವನ್ನೂ ವಿಸ್ತಾರವಾಗಿ ಹೇಳಿದರಂತೆ. ಆಮೇಲೆ ಟೀ ಲೋಟ ಕೆಳಗಿಟ್ಟು, "ಇನ್ನು ಇಡುಗಂಟು ಅಂತ ಒಂದೈತೆ ರೇವಣಸಿದ್ದಯ್ಯ. ಇಡುಗಂಟು ಅಂದ್ರೆ," ಎಂದವರು ಹಾಗೆಯೇ ಕಂಬಕ್ಕೆ ಒರಗಿದರು. ಅಧಿಕಾರಿ ದರ್ಜೆಯ ನಿದ್ದೆ. ಲಾರಿ ಹಾರನ್ನಿಗೂ ಅಲ್ಲಾಡುವಂಥದಲ್ಲ.

ಭಾವ ಸ್ವಲ್ಪ ಹೊತ್ತು ಕಾದರಂತೆ. ಆಮೇಲೆ ಸಂಜೆಯ ನೀರು ಬಿಡುವ ಹೊತ್ತಾಯಿತೆಂದು ಎದ್ದು ಹೋದರು. ಕಾಯುವ ಅಗತ್ಯವೂ ಅವರಿಗೆ ಕಂಡಿರಲಿಲ್ಲ. ಇಡುಗಂಟು ಎಂಬ ಮಾತನ್ನು ಜೀವಮಾನವೆಲ್ಲ ಗಂಟು ಕಟ್ಟಿ ಇಟ್ಟ ಮನುಷ್ಯನಿಗೆ ಬಿಡಿಸಿ ಹೇಳಬೇಕೆ?

ಒಂದು ವಾರದ ಮೇಲೆ ಗ್ರಂಥಾಲಯಕ್ಕೆ ಬಂದು, ಎಂದೂ ಇಲ್ಲದಷ್ಟು ನಗುಮುಖದಿಂದ, "ನಿಮ್ಮಕ್ಕನ ಹೆಸರಿಗೆ ಒಂದು ಗಂಟು ಇಟ್ಟೆ ಕಣಪ್ಪ ಓಂಕಾರ," ಎಂದರು. ನಾನು ಒಂದೆಳೆ ಸರವೋ ರೇಷ್ಮೆ ಸೀರೆಯೋ ಇರಬೇಕೆಂದುಕೊಂಡು ಬಹಳ ಸಂತೋಷ ಭಾವ ಎಂದೆ.

ನಿವೃತ್ತಿಯ ದಿನ ಪುರಸಭೆಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮುಖ್ಯಾಧಿಕಾರಿ ಭಾಷಣ ಮಾಡಿ, ರೇವಣಸಿದ್ದಯ್ಯನವರು ಇನ್ನು ಮುಂದಾದರೂ ನೆಮ್ಮದಿಯಾಗಿ ಮಲಗಲಿ ಎಂದು ಹಾರೈಸಿದರು. ಆ ಮಾತನ್ನು ಎಲ್ಲ ಬೀಳ್ಕೊಡುಗೆಗಳಲ್ಲೂ ಹೇಳುತ್ತಾರೆ. ಮರುದಿನ ಒಂದನೇ ತಾರೀಖು. ಊಟವಾದ ಮೇಲೆ ಭಾವ ನಡುಮನೆಯ ಮಂಚದ ಮೇಲೆ ಕುಳಿತು, ಬುಟ್ಟಿಯಲ್ಲಿದ್ದ ಹಣ್ಣುಗಳನ್ನು ಕೆಂಪಂಚಿನ ಒಂದು ವಸ್ತ್ರಕ್ಕೆ ಸುರುವಿಕೊಂಡು ಗಂಟು ಕಟ್ಟುತ್ತಿದ್ದರು. ನಾನೂ ಅಲ್ಲೇ ಇದ್ದೆ. ಹಣ್ಣನ್ನು ಯಾರಾದ್ರೂ ಗಂಟು ಕಟ್ತಾರಾ, ತಿನ್ನೋದಲ್ವಾ ಎಂದು ಅಕ್ಕ ಒಳಗಿನಿಂದ ಕೇಳುತ್ತಿದ್ದಳು. ಭಾವ ಮೊದಲ ಸುತ್ತು ಹಾಕಿದರು. ಎರಡನೆಯ ಸುತ್ತಿಗೆ ವಸ್ತ್ರದ ತುದಿ ಕೈಯಲ್ಲಿರುವಂತೆಯೇ ಪಕ್ಕಕ್ಕೆ ಉರುಳಿದರು. ಮೂಸಂಬಿಗಳು ಬಾಗಿಲವರೆಗೆ ಉರುಳಿಹೋದವು. ಮೊದಲ ಪಿಂಚಣಿ ಎಲ್ಲರಿಗೂ ಸ್ವಲ್ಪ ಜೋರೇ ಎಂದು ನಾವಿಬ್ಬರೂ ನಕ್ಕೆವು. ಸಂಜೆ ನಗಲಿಲ್ಲ. ಮರುದಿನ ಬೆಳಗ್ಗೆಯೂ ಅವರು ಏಳದಿದ್ದಾಗ ಡಾಕ್ಟರನ್ನು ಕರೆಸಿದೆವು. ಡಾಕ್ಟರು ನಾಡಿ ನೋಡಿ, ಇದು ನನ್ನ ಇಲಾಖೆಯದಲ್ಲ, ಖಜಾನೆಯದು ಎಂದರು.

ನಿದ್ದೆಯ ಖಜಾನೆಯಲ್ಲಿ ಕೆಲಸ ಮಾಡುವವರಷ್ಟು ನಿದ್ದೆಗೆಟ್ಟವರನ್ನು ನೀವು ಬೇರೆಲ್ಲೂ ನೋಡಲಾರಿರಿ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ನಮ್ಮ ಕಥೆ ಕೇಳಿ, ಒಳಗೆ ಹೋಗಿ ಬಂದು, ಎಲ್ಲ ಸರಿಯಾಗಿಯೇ ಆಗಿದೆ ಎಂದಳು. ರೇವಣಸಿದ್ದಯ್ಯನವರು ದಿನದ ಪಿಂಚಣಿ ಬೇಡವೆಂದು ಇಡುಗಂಟು ಕೋರಿದ್ದರು, ಕಚೇರಿ ಮಂಜೂರು ಮಾಡಿತ್ತು, ಒಂದನೇ ತಾರೀಖು ಪಾವತಿಯೂ ಆಗಿತ್ತು. ಒಂದು ದಿನವೂ ತಡವಾಗಿಲ್ಲವೆಂಬುದನ್ನು ನಾವು ಗಮನಿಸಬೇಕೆಂಬ ಧಾಟಿ ಅವಳದು.

ಅಕ್ಕ ಕೌಂಟರಿನ ಸರಳು ಹಿಡಿದುಕೊಂಡು, "ಇಡುಗಂಟು ಅಂದ್ರೆ ಇಟ್ಟ ಗಂಟು ಅಲ್ವೇನಮ್ಮ? ತೆಗೆದು ಇಟ್ಟಿರ್ತಾರೆ, ನಾನು ಹೋದ್ಮೇಲೆ ಪೂರ್ತಿ ನಿಂಗೇ ಬರ್ತದೆ ಅಂದಿದ್ರು ಅವರು," ಎಂದಳು.

"ಇಡೀ ಗಂಟು ಒಂದೇ ಸಲಕ್ಕೆ ಕೊಡೋದಮ್ಮ ಅದು. ಇಟ್ಕೊಳ್ಳೋಕೆ ನಮ್ಮಲ್ಲಿ ಜಾಗ ಎಲ್ಲೈತೆ?" ಎಂದಳು ಹೆಣ್ಣುಮಗಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ನಾನು ಪುಸ್ತಕದ ಮನುಷ್ಯ. ಇಡು, ಇಡೀ ಎಂದು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು ನೋಡಿದೆ. ಎರಡರ ನಡುವೆ ಒಂದು ಸ್ವರದ ಅಂತರ, ಅಷ್ಟರಲ್ಲಿ ನನ್ನ ಭಾವ ಬಿದ್ದುಹೋಗಿದ್ದರು. ಆಕ್ಷೇಪಣೆ ಸಲ್ಲಿಸಲು ಬರುತ್ತದೆಯೇ ಎಂದು ಕೇಳಿದೆ. ಧಾರಾಳವಾಗಿ ಬರುತ್ತದೆ, ಆದರೆ ಪಿಂಚಣಿದಾರರೇ ಖುದ್ದಾಗಿ ಬಂದು ರುಜು ಹಾಕಬೇಕು ಎಂದಳು. ಅವರು ಮಲಗಿದ್ದಾರೆ ಎಂದೆ. ಎದ್ದ ಮೇಲೆ ಕರೆದುಕೊಂಡು ಬನ್ನಿ ಎಂದಳು. ಎದ್ದ ಮೇಲೆ ಗಂಟಿನಲ್ಲಿ ಏನು ಉಳಿದಿರುತ್ತದೆ ಎಂದು ಕೇಳಿದ್ದಕ್ಕೆ, ಏನೂ ಇರುವುದಿಲ್ಲ, ಆದ್ದರಿಂದಲೇ ಅಂಥ ಅರ್ಜಿಗಳು ಬೇಗ ಇತ್ಯರ್ಥವಾಗುತ್ತವೆ ಎಂದು ವಿವರಿಸಿದಳು. ಕುಟುಂಬ ಪಿಂಚಣಿಯೂ ಹೋಯಿತು. ಅರ್ಧ ಮಾಡಲು ಏನಾದರೂ ಇದ್ದರೆ ತಾನೆ. ಹೊರಡುವಾಗ ಅಕ್ಕ ತನ್ನ ನಿದ್ದೆ ಹೋದ ಕಥೆಯನ್ನೂ ಹೇಳಿದಳು, ಅತ್ತೆಯ ಕಥೆ, ಕರೆಯುವ ಕಥೆ. ಹೆಣ್ಣುಮಗಳು ಪೂರ್ತಿ ಕೇಳಿದಳು. ಆಮೇಲೆ, "ಹೋಗಿದ್ದು ನಿಜ ಅಮ್ಮ. ಆದ್ರೆ ನಾವು ತಗೊಂಡಿದ್ದಲ್ಲವಲ್ಲ," ಎಂದಳು. ಅವಳ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು.

ಮನೆಯೊಳಗೆ ಕಾಲಿಡುತ್ತಲೇ ಅಕ್ಕ, "ನಂಗೇ ಅಂತ ಏನು ತಂದ್ರೂ ಮೊದ್ಲು ತಾನು ತಿಂದು ನೋಡೋದು ನಿಮ್ಮ ಭಾವನ ಅಭ್ಯಾಸ," ಎಂದಳು. ನಗುತ್ತಿದ್ದಳೋ ಇಲ್ಲವೋ ಕತ್ತಲೆಯ ನಡುಮನೆಯಲ್ಲಿ ಕಾಣಲಿಲ್ಲ.

ಆರಾಧ್ಯರು ಸುದ್ದಿ ಕೇಳಿ ಒಂದು ಬೆಳಗ್ಗೆ ಬಂದರು. ಊಟಕ್ಕೆ ಮೊದಲೇ ಬಂದದ್ದು ಅವರ ಮರ್ಯಾದೆ. ಮಂಚದ ಪಕ್ಕ ನಿಂತು, ಇಡುಗಂಟು ಅಂದರೆ ಒಂದೇ ಸಲಕ್ಕೆ ಬರುವುದು, ಯಾವ ಕಾರಣಕ್ಕೂ ತೆಗೆದುಕೊಳ್ಳಬೇಡ ಎಂದು ಅಂದೇ ಹೇಳಿದ್ದೆನಲ್ಲ ಎಂದು ಮಲಗಿದ್ದ ಭಾವನಿಗೇ ಹೇಳಿದರು. ನಿಜವೂ ಇರಬಹುದು. ಎದ್ದ ಮೇಲೆ ವಾಕ್ಯ ಪೂರ್ತಿ ಮಾಡಿರುತ್ತಾರೆ, ಅಷ್ಟರಲ್ಲಿ ಬೆಂಚು ಖಾಲಿಯಾಗಿತ್ತು. ಅಂದಿನಿಂದ ಊರಿನವರು ಅವರನ್ನು ಕೇಳಲು ಬೆಳಗ್ಗೆಯೇ ಹೋಗುತ್ತಾರೆ. ನನ್ನ ಪುಸ್ತಕಕ್ಕೆ ಮಾತ್ರ ಈಗಲೂ ಎರಡನೆಯವರು ಬಂದಿಲ್ಲ. ಆದರೆ ಇಡುಗಂಟು ಎಂಬುದು ಊರ ಬಾಯಲ್ಲಿ ಬೈಗುಳವಾಯಿತು. ಶಾಲೆಗೆ ಹೊತ್ತಾದರೂ ಏಳದ ಮಕ್ಕಳಿಗೆ, ಏನೋ ಇಡುಗಂಟಾದೆಯಾ ಎಂದು ತಾಯಂದಿರು ಕೇಳತೊಡಗಿದರು.

ಭಾವ ಮಲಗಿಯೇ ಇದ್ದರು. ಮಲಗಿದವರಿಗೆ ಗಂಜಿ ಕುಡಿಸುವುದು ಅಕ್ಕನಿಗೆ ಅತ್ತೆಯ ಕಾಲದಿಂದ ಬರುತ್ತಿತ್ತು. ಚಮಚೆ ತುಟಿಗೆ ಮುಟ್ಟಿಸಿದರೆ ನಿದ್ದೆಯಲ್ಲೇ ನುಂಗುತ್ತಿದ್ದರು. ಬೆನ್ನು ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸಬೇಕು, ಒರೆಸಬೇಕು, ಬಟ್ಟೆ ಬದಲಿಸಬೇಕು. ವಾರಕ್ಕೊಮ್ಮೆ ಕ್ಷೌರದವನು ಬಂದು ಗಡ್ಡ ಮಾಡಿ, ಮಾತಾಡದ ಗಿರಾಕಿಯೆಂದು ದುಡ್ಡು ಕಡಿಮೆ ತೆಗೆದುಕೊಂಡು ಹೋಗುತ್ತಿದ್ದ. ಬೆಳಗಿನ ಜಾವ ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವ ಸದ್ದಾದರೆ ಭಾವನ ಎರಡೂ ಕೈ ಹೊದಿಕೆಯ ಮೇಲೆ ಏನನ್ನೋ ತಿರುಗಿಸುತ್ತಿದ್ದವು. ಆಗ ಅಕ್ಕ ಆ ಕೆಂಪಂಚಿನ ವಸ್ತ್ರವನ್ನು ಅವರ ಕೈಗೆ ಕೊಡುತ್ತಿದ್ದಳು. ಅದನ್ನು ಹಿಡಿದುಕೊಂಡು ಸುಮ್ಮನಾಗುತ್ತಿದ್ದರು.

ಮಕ್ಕಳಿಲ್ಲದ ಮನೆ. ನನ್ನ ಹೆಂಡತಿ ಸರದಿಯ ಮೇಲೆ ತಾನೂ ಬಂದು ಕೂರುತ್ತೇನೆಂದರೆ ಅಕ್ಕ ಒಪ್ಪಲಿಲ್ಲ. ಹೇಗೂ ನನಗೆ ನಿದ್ದೆಯಿಲ್ಲ, ನಿದ್ದೆಯಿರುವವರು ಯಾಕೆ ಕೆಡಬೇಕು ಎಂದಳು. ಎಚ್ಚರವಾದಾಗ ಕಣ್ಣೆದುರಿಗೆ ನಾನಿಲ್ಲದಿದ್ದರೆ ಗಾಬರಿಯಾಗುತ್ತಾರೆ ಎಂದೂ ಹೇಳಿದಳು. ಅವಳದೊಂದು ಯೋಜನೆಯಿತ್ತು. "ಎದ್ದ ತಕ್ಷಣ ಮೊದ್ಲು ಬೈತೀನಿ, ಆಮೇಲೆ ಕಾಫಿ," ಎನ್ನುತ್ತಿದ್ದಳು. ಬೈಗುಳವನ್ನು ನನ್ನೆದುರಿಗೆ ಎಷ್ಟೋ ಸಲ ಹೇಳಿ ನೋಡಿಕೊಂಡಿದ್ದಳು, ಪ್ರತಿ ಸಲವೂ ಸ್ವಲ್ಪ ಚಿಕ್ಕದಾಗುತ್ತ ಬಂದಿತ್ತು. ಮೊದಮೊದಲು ಅದರಲ್ಲಿ ಆರಾಧ್ಯರು, ಖಜಾನೆ, ಗುಂಡಿಗಳ ಗಂಟು, ಸತ್ತ ಅತ್ತೆ ಎಲ್ಲರೂ ಇದ್ದರು. ಕೊನೆಗೆ ಉಳಿದದ್ದು, ನನ್ನನ್ನು ಒಂದು ಮಾತು ಕೇಳಬಾರದಿತ್ತಾ ಎಂಬಷ್ಟು.

ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು. ಅಕ್ಕ ಒಲೆಯ ಮುಂದೆ ನಿಂತಲ್ಲೇ ತೂಗುವುದನ್ನು ನೋಡಿದೆ, ತೂಗುವುದಷ್ಟೇ, ನಿದ್ದೆಯಲ್ಲ. ಕಾಲು ಬಾತಿದ್ದವು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಡಾಕ್ಟರು ಅವಳ ಎದೆಗೆ ಕೊಳವೆಯಿಟ್ಟು ಕೇಳಿ, ಇದು ನನ್ನ ಇಲಾಖೆಯದೇ ಎಂದರು. ಮಾತ್ರೆ ಬರೆದು, ಚೆನ್ನಾಗಿ ನಿದ್ದೆ ಮಾಡಬೇಕು ಎಂದು ಹೇಳಿದಾಗ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಭಾವ ಏಳುವುದು ದಸರೆಯ ಹೊತ್ತಿಗೆಂದು ಅವಳ ಎಣಿಕೆ. ಖಜಾನೆಯವರು ಆಷಾಢವೆಂದಿದ್ದರು. ನಡುವಿನ ತಿಂಗಳುಗಳು ದಿನಗೂಲಿಯ ಕಾಲದವು. ಅಕ್ಕ ಅವುಗಳನ್ನು ಬಿಟ್ಟುಕೊಡಲಿಲ್ಲ. ದಸರೆ ಬರಲಿ, ಕಾಫಿಪುಡಿ ಹೊಸದು ತರಿಸುತ್ತೇನೆ ಎನ್ನುತ್ತಿದ್ದಳು.

ಆಷಾಢ ಮುಗಿಯುತ್ತ ಬಂದ ಒಂದು ಬೆಳಗ್ಗೆ, ಗ್ರಂಥಾಲಯಕ್ಕೆ ಹೋಗುವ ಮೊದಲು ಎಂದಿನಂತೆ ಹಾಲು ಕೊಡಲು ಅವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಭಾವ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಎಷ್ಟು ಇಳಿದುಹೋಗಿದ್ದರೆಂದರೆ ಅಂಗಿಯೊಂದೇ ಕುಳಿತ ಹಾಗಿತ್ತು. ಖಜಾನೆಯ ಲೆಕ್ಕವೇ ಸರಿ ಎಂಬುದು ನನಗೆ ಮೊದಲು ಹೊಳೆದದ್ದು. ತೊಡೆಯ ಮೇಲೆ ಕೆಂಪಂಚಿನ ವಸ್ತ್ರವಿತ್ತು. ಒಳಗೆ ಏನೂ ಇಲ್ಲದಿದ್ದರೂ ಎರಡನೆಯ ಸುತ್ತು ಹಾಕಿ ಗಂಟು ಬಿಗಿದಿದ್ದರು. ಪಕ್ಕದ ಕುರ್ಚಿಯಲ್ಲಿ ಅಕ್ಕ ಗೋಡೆಗೆ ತಲೆ ಆನಿಸಿದ್ದಳು. ಕೈಯಳತೆಯಲ್ಲಿದ್ದ ಬಟ್ಟಲಿನ ಗಂಜಿ ಕೆನೆಗಟ್ಟಿತ್ತು, ಚಮಚೆ ಅದರಲ್ಲೇ ನಿಂತಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಬಾರಪ್ಪ," ಎಂದರು ಪಿಸುದನಿಯಲ್ಲಿ. ದನಿ ತುಕ್ಕು ಹಿಡಿದ ವಾಲ್ವಿನಂತೆ ಕಿರುಗುಟ್ಟಿತು. "ಮೊದಲ್ನೇ ಪಿಂಚಣಿ, ನಂಗೆ ಸ್ವಲ್ಪ ಜಾಸ್ತಿನೇ ಬಂದಂಗೈತೆ. ಎದ್ದು ನೋಡಿದ್ರೆ ಇವಳಿಗೂ ಬಂದುಬಿಟ್ಟೈತೆ. ನಾನು ಹೋದ ಮೇಲೆ ಕೊಡ್ತಾರೆ ಅಂದ್ಕೊಂಡಿದ್ದೆ, ಇರೋವಾಗ್ಲೇ ಕೊಟ್ಟವ್ರೆ. ಒಳ್ಳೆ ಜನ."

ಅಕ್ಕನ ಮಣಿಕಟ್ಟಿನ ಮೇಲೆ ಒಂದು ನೊಣ ಕುಳಿತಿತ್ತು. ಅದು ಬೆರಳ ತನಕ ನಡೆದು ಹೋಗಿ ಮತ್ತೆ ಹಿಂದಕ್ಕೆ ಬಂತು. ನಾನು ಅವಳ ಎದೆಯ ಸೆರಗನ್ನೇ ನೋಡುತ್ತ ನಿಂತೆ. ಬಹಳ ಹೊತ್ತು ನೋಡಿದೆ. ಸೆರಗು ಅಲ್ಲಾಡಲಿಲ್ಲ. ಭಾವ ಗಂಟು ಕಟ್ಟಿದ ವಸ್ತ್ರದಿಂದ ಮೆಲ್ಲಗೆ ನೊಣವನ್ನು ಓಡಿಸಿದರು.

"ಬೆಳಕು ಹರಿದಾಗಿಂದ ನೋಡ್ತಾ ಕೂತಿದೀನಿ. ಒಂದ್ ಸಲನೂ ಮಗ್ಗುಲು ಹೊರಳಿಸಿಲ್ಲ. ಆಫೀಸರ್ ನಿದ್ದೆ ಕಣಪ್ಪ ಇದು. ನೀರು ಬಿಡೋನ ಗಂಟಲ್ಲಿ ಇಂಥದ್ದಿತ್ತು ಅಂತ ನಂಗೇ ಗೊತ್ತಿರ್ಲಿಲ್ಲ."

ಅವರ ಮುಖದಲ್ಲಿ ಒಂದು ಹೆಮ್ಮೆಯಿತ್ತು. ಅದನ್ನು ನಾನು ಅವರ ಬೀಳ್ಕೊಡುಗೆಯ ದಿನವೂ ಕಂಡಿರಲಿಲ್ಲ.

"ಎಬ್ಬಿಸಬೇಡ," ಎಂದರು. "ತಾನಾಗೇ ಏಳ್ಲಿ. ಎದ್ದ ಮೇಲೆ ನಾನೇ ಕಾಫಿ ಮಾಡಿಕೊಡ್ತೀನಿ."

ನಾನು ಹಾಲಿನ ಪಾತ್ರೆಯನ್ನು ಸದ್ದಾಗದಂತೆ ನೆಲಕ್ಕಿಟ್ಟೆ. ಬಾಗಿಲು ಮುಂದೆ ಮಾಡಿ ಬಂದು ಭಾವನ ಪಕ್ಕದಲ್ಲಿ ಕುಳಿತೆ.